ಕಿರೀಟದ ಪೆಟ್ಟಿಗೆಯಲ್ಲಿ ಕನಕಾಂಬರ

ಹುಣಸೆಹಣ್ಣಿನ ರಸದಲ್ಲಿ ಬಟ್ಟೆ ಅದ್ದಿ ಎದೆಕವಚದ ಹಿತ್ತಾಳೆ ಬಿಲ್ಲೆಗಳನ್ನು ತಿಕ್ಕುತ್ತಿದ್ದೆ. ಎದುರಿಗೆ ಕೂತ ಜಯಕ್ಕ ಭುಜಕೀರ್ತಿಗೆ ಕಿತ್ತುಹೋದ ಜರಿ ಹೊಲಿಯುತ್ತಿದ್ದರು. ಇಬ್ಬರೂ ಮಾತಾಡಲಿಲ್ಲ. ಬೆಳಗಿನ ಹೊತ್ತು ನಮ್ಮ ಅಂಗಡಿಯಲ್ಲಿ ಹಾಗೇ. ಹೊರಗೆ ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಾರ್ನು. ಒಳಗೆ ಬಟ್ಟೆ ಉಜ್ಜುವ ಸದ್ದು ಮಾತ್ರ.

ಬಿಲ್ಲೆಗಳು ಮುಗಿದವು. ಮುಂದಿನದು ಕಿರೀಟ. ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿದೆ.

ಕಿರೀಟ ಇರಲಿಲ್ಲ.

ಕೆಂಪು ಬಟ್ಟೆಯ ಮೇಲೆ ಅದು ಕೂತಿದ್ದ ಗುರುತು ದುಂಡಗೆ ಉಳಿದಿತ್ತು. ಅದರ ನಡುವೆ ಗೇಣುದ್ದದ ಒಂದು ಕನಕಾಂಬರದ ಮಾಲೆ. ಬಾಡಿತ್ತು.

"ಜಯಕ್ಕ," ಎಂದೆ. ಅವರೇ ಎದ್ದು ಬಂದು ನೋಡಿದರು. ಸೂಜಿ ಕೈಯಿಂದ ಜಾರಿತು.

"ರಂಜೀ, ನಿಮ್ಮಣ್ಣನ್ನ ಕರಿಯೇ. ಬೇಗ."

ಅಣ್ಣ ಅಂದರೆ ತಿಪ್ಪಯ್ಯಣ್ಣ, ಜಯಕ್ಕನ ಗಂಡ. ನಮ್ಮದು ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿ. ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರು ಇಲ್ಲಿಗೆ ಬರುತ್ತಾರೆ. ಹೊಳಲ್ಕೆರೆ, ಹಿರಿಯೂರು ಕಡೆಯವರೂ ಬರುತ್ತಾರೆ. ಎಲ್ಲರಿಗೂ ಬೇಕಾದ್ದು ಒಂದೇ, ರಾಜಾಪಾರ್ಟಿನ ಕಿರೀಟ. ತಿಪ್ಪಯ್ಯಣ್ಣ ಪ್ರಾಯದಲ್ಲಿ ಕೈಯಾರೆ ಮಾಡಿದ್ದು. ಮರ, ಹಿತ್ತಾಳೆ ತಗಡು, ಬಣ್ಣದ ಗಾಜು. ಎರಡು ಕೈಯಲ್ಲಿ ಎತ್ತಬೇಕು, ಅಷ್ಟು ಭಾರ. ಲೈಟು ಬಿದ್ದರೆ ಕೊನೆಯ ಸಾಲಿನಲ್ಲಿ ಕೂತವರಿಗೂ ಕಣ್ಣು ಕುಕ್ಕುತ್ತದೆ.

ನಾಳೆ ಬಾಗೂರಿನಲ್ಲಿ ನಾಟಕ. ಕಿರೀಟ ಕೊಡದಿದ್ದರೆ ಬಾಗೂರಿನವರು ಹೊಳಲ್ಕೆರೆಯ ಹೊಸ ಅಂಗಡಿಗೆ ಹೋಗುತ್ತಾರೆ. ಅವರ ಹಿಂದೆ ಉಳಿದ ಊರಿನವರೂ ಹೋಗುತ್ತಾರೆ. ಆಮೇಲೆ ನಾವು ಬಾಗಿಲು ಹಾಕಬೇಕಾಗುತ್ತದೆ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಆಗದವಳು. ಬಾಯಿ ಬಿಡದೆ ಬದುಕಬಹುದಾದ ಜಾಗ ನನಗೆ ಇದೊಂದೇ.

ತಿಪ್ಪಯ್ಯಣ್ಣ ಬಂದರು. ಪೆಟ್ಟಿಗೆ ನೋಡಿದರು. ಪಕ್ಕದಲ್ಲೇ ಕೂತುಬಿಟ್ಟರು.

"ಆ ಹುಡುಗಿ," ಎಂದರು. "ಫೋಟೋ ಹೊಡ್ಕಂಡು ಓಡಾಡ್ತಿದ್ಳಲ್ಲ, ಅವ್ಳೇ."

* * *

ಆ ಹುಡುಗಿಯ ಹೆಸರು ಮಾನಸ. ಚಿತ್ರದುರ್ಗದವರು. ಪಿಎಚ್‌ಡಿ ಮಾಡುತ್ತಿದ್ದರು. ವಾರದಿಂದ ನಮ್ಮ ಅಂಗಡಿಗೆ ಬಂದು ಕೂರುತ್ತಿದ್ದರು.

"ಏನು ಓದೋದು ತಾಯಿ ನೀನು?" ಎಂದು ಮೊದಲ ದಿನವೇ ಜಯಕ್ಕ ಕೇಳಿದ್ದರು.

"ಸೃಜನಶೀಲ ಆರ್ಥಿಕತೆ, ಅಕ್ಕ."

"ಅಯ್ಯೋ, ನನ್ ಬಾಯಲ್ಲಿ ಅದು ತಿರುಗಲ್ಲ ಬಿಡು."

"ಒಂದು ನಾಟಕ ಆದ್ರೆ ಊರಲ್ಲಿ ಯಾರ್ಯಾರಿಗೆ ಕೆಲಸ ಸಿಗುತ್ತೆ, ಅದರಿಂದ ಊರು ಹೆಂಗೆ ಮುಂದೆ ಬರುತ್ತೆ ಅಂತ ನೋಡೋದು. ಅಷ್ಟೇ."

"ಹಂಗನ್ನು ಮತ್ತೆ. ಮೊದ್ಲೇ ಹಂಗೆ ಹೇಳಿದ್ರೆ ಟೀ ಕೊಡ್ತಿದ್ದೆ."

ಮಾನಸಕ್ಕ ದೊಡ್ಡ ಹಾಳೆಯಲ್ಲಿ ಒಂದು ಚಿತ್ರ ಬರೆದಿದ್ದರು. ನಡುವೆ ಕಿರೀಟ. ಸುತ್ತ ಗೆರೆಗಳು. ಟೈಲರು, ಹಾರ್ಮೋನಿಯಂ ಮೇಷ್ಟ್ರು, ಸೀನರಿಯವರು, ಶಾಮಿಯಾನ, ಹೂವಿನವರು, ಬೋಂಡದ ಗಾಡಿ. ಕಿರೀಟವನ್ನು ಚಿತ್ರದುರ್ಗದಲ್ಲಿ ಪ್ರದರ್ಶನಕ್ಕೆ ಕೊಡುತ್ತೀರಾ ಎಂದೂ ಕೇಳಿದ್ದರು. ಅದೇ ಈಗ ತಪ್ಪಾಯಿತು.

ಇವತ್ತು ಅವರು ಬಂದ ಕೂಡಲೇ ತಿಪ್ಪಯ್ಯಣ್ಣ ಎದ್ದು ನಿಂತರು.

"ಎಲ್ಲಮ್ಮ ಕಿರೀಟ?"

"ಯಾಕೆ? ಪೆಟ್ಟಿಗೇಲಿ ಇಲ್ವಾ?"

"ನಿನ್ನ ಪ್ರದರ್ಶನದಾಗೆ ಐತೇನೋ."

ಮಾನಸಕ್ಕನ ಮುಖ ಕೆಂಪಾಯಿತು. ಬ್ಯಾಗನ್ನು ಕೆಳಗೆ ಸುರಿದರು. ಪೆನ್ನು, ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತು ಪೊಟ್ಟಣ. ಕಣ್ಣಲ್ಲಿ ನೀರು ತುಂಬಿತ್ತು.

ನಾನು ಬಾಯಿ ಬಿಟ್ಟೆ. "ಇವರಲ್ಲ, ಅಣ್ಣ."

ಮೂವರೂ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ.

"ಪೆಟ್ಟಿಗೇಲಿ ಹೂವು ಐತೆ."

"ಪೂಜೆಗೆ ನೀನೇ ಇಟ್ಟಿದ್ದಲ್ವೇನೆ?" ಎಂದರು ಜಯಕ್ಕ.

"ನಾನು ಇಡ್ಲಿಲ್ಲ."

ಜಯಕ್ಕನಿಗೆ ತಕ್ಷಣ ಅರ್ಥವಾಯಿತು. ನಮ್ಮ ಅಂಗಡಿಯಲ್ಲಿ ಒಂದು ರೂಢಿ ಇದೆ. ಕಿರೀಟ ನಾಟಕಕ್ಕೆ ಹೊರಟಾಗ ಪೆಟ್ಟಿಗೆಯನ್ನು ಬರಿದಾಗಿ ಬಿಡುವುದಿಲ್ಲ. ಕಿರೀಟ ಎತ್ತಿದವರು ಆ ಜಾಗದಲ್ಲಿ ಎಲೆ ಅಡಿಕೆ ಇಡಬೇಕು. ಎಲೆ ಇಲ್ಲದಿದ್ದರೆ ಹೂವು. ಕಿರೀಟ ವಾಪಸು ಬರುವವರೆಗೆ ಅದು ಅಲ್ಲೇ ಇರುತ್ತದೆ.

"ಮಾನಸಕ್ಕ ಬಂದಮೇಲೆ ಕಿರೀಟ ಹೊರಗೆ ಹೋಗಿಲ್ಲ," ಎಂದೆ. "ಅವರಿಗೆ ಈ ರೂಢಿ ಗೊತ್ತಿಲ್ಲ."

ತಿಪ್ಪಯ್ಯಣ್ಣ ಸುಮ್ಮನೆ ಕೆಳಗೆ ಬಗ್ಗಿ ಪೆನ್ನು, ಬಾಚಣಿಗೆ ಆರಿಸಿ ಮಾನಸಕ್ಕನ ಬ್ಯಾಗಿಗೆ ಹಾಕಿದರು. ಕ್ಷಮೆ ಕೇಳಲು ಅವರಿಗೆ ಬರುತ್ತಿದ್ದದ್ದು ಅಷ್ಟೇ.

"ಹಂಗಾದ್ರೆ ಚೇತನ," ಎಂದರು.

* * *

ಹೊಳಲ್ಕೆರೆಯಲ್ಲಿ ಹೊಸ ಅಂಗಡಿ ಇಟ್ಟವನೇ ಚೇತನ್‌ಕುಮಾರ್. ಮೊದಲು ನಮ್ಮಲ್ಲೇ ಕೆಲಸ ಕಲಿತವನು. ರೂಢಿ ಅವನಿಗೆ ಗೊತ್ತು. ನಿನ್ನೆ ಮಧ್ಯಾಹ್ನ ಬಂದು ಕಿರೀಟ ಮಾರುತ್ತೀರಾ ಎಂದು ಕೇಳಿದ್ದ. ತಿಪ್ಪಯ್ಯಣ್ಣ ಬೈದು ಕಳಿಸಿದ್ದರು. ಹೋಗುವ ಮುಂಚೆ ಅವನು ಒಳಗೆ ಹೋಗಿ ನೀರು ಕುಡಿದಿದ್ದ.

ತಿಪ್ಪಯ್ಯಣ್ಣ ಫೋನ್ ಮಾಡಿದರು. ಬೈಕಿನಲ್ಲಿ ಬಂದೇಬಿಟ್ಟ.

"ಅಣ್ಣ, ನಾನು ಕದ್ದಿದ್ರೆ ಹಿಂಗೆ ಕೂಗಿದ ಕೂಡ್ಲೇ ಬರ್ತಿದ್ನಾ?"

"ನೀನು ಮೊದ್ಲಿಂದ್ಲೂ ಧೈರ್ಯಸ್ಥ ಕಣಲೇ. ಮಾಲು ಇಟ್ಕಂಡೂ ಬರ್ತೀಯ."

"ಅಚ್ಚು ತಗೊಳ್ಳಾಣ ಅಂತ ಕೇಳಿದ್ದು. ಫೈಬರಲ್ಲಿ ಮಾಡಿದ್ರೆ ಹಗುರ ಇರ್ತೈತೆ."

"ಹಗುರ! ತಲೆ ಮೇಲೆ ಪ್ಲಾಸ್ಟಿಕ್ ಬುಟ್ಟಿ ಇಕ್ಕಂಡೋನು ರಾಜನೇನಲೇ?"

"ಬಯ್ರಿ, ನಿನ್ನೆ ಬೈದಿದ್ದು ನಂಗೆ ಸಾಲ್ಲಿಲ್ಲ." ಚೇತನ್ ನಕ್ಕ. ಆಮೇಲೆ ಖಾಲಿ ಪೆಟ್ಟಿಗೆ ಕಂಡು ನಗು ನಿಲ್ಲಿಸಿದ. "ನಿಜವಾಗ್ಲೂ ಹೋಗೈತಾ? ನಾನು ನೀರು ಕುಡಿಯೋಕೆ ಹೋದಾಗ ಒಳಗೆ ಬಾಗೂರಿನ ಶೋಭಕ್ಕ ಇದ್ರು. ಅವರೇ ಚೊಂಬು ಕೊಟ್ರು. ಕೇಳ್ರಿ ಬೇಕಾದ್ರೆ."

ಶೋಭಾರಾಣಿ. ಬಾಗೂರಿನ ಬಾಲರಾಜಣ್ಣನ ಹೆಂಡತಿ. ಅವರದು ಕುರಿ ಸಾಕುವ ಮನೆ. ಬಾಗೂರು ನಾಟಕದಲ್ಲಿ ರಾಜಾಪಾರ್ಟು ಯಾವಾಗಲೂ ಬಾಲರಾಜಣ್ಣನದೇ. ನಿನ್ನೆ ಗಂಡ ಹೆಂಡತಿ ಡ್ರೆಸ್ಸಿನ ಅಳತೆ ನೋಡಲು ಬಂದಿದ್ದರು.

ನಾನು ಹೂವಿನ ಮಾಲೆಯನ್ನು ಎತ್ತಿ ಮಗುಚಿ ನೋಡಿದೆ. ಹೂವಿನಂಗಡಿಯ ಮಾಲೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಇಲ್ಲದಿದ್ದರೆ ನೂಲಿನಲ್ಲಿ. ಇದನ್ನು ಕಟ್ಟಿದ್ದು ಕಪ್ಪು ಉಣ್ಣೆಯ ಎಳೆಯಲ್ಲಿ.

ಜನರ ಮುಖ ನೋಡಲು ನನಗೆ ನಾಚಿಕೆ. ಹಾಗಾಗಿ ಕೈ, ಕಾಲು, ಮುಡಿ ನೋಡುತ್ತೇನೆ. ನಿನ್ನೆ ಶೋಭಕ್ಕ ಬಂದಾಗ ಮುಡಿಯಲ್ಲಿ ಕನಕಾಂಬರ ಇತ್ತು. ಹೋಗುವಾಗ ಬೆನ್ನು ಕಂಡಿತ್ತು. ಹೂವಿತ್ತೋ ಇಲ್ಲವೋ, ನೆನಪಾಗಲಿಲ್ಲ.

"ಮಾನಸಕ್ಕ, ನಿನ್ನೆ ವಿಡಿಯೋ ಮಾಡಿದ್ರಲ್ಲ?"

ಅವರು ಫೋನ್ ತೆಗೆದರು. ಐದು ತಲೆಗಳು ಒಂದು ಪರದೆಗೆ ಬಾಗಿದವು.

ವಿಡಿಯೋದಲ್ಲಿ ಬಾಲರಾಜಣ್ಣ ಕಿರೀಟ ತೆಗೆದು ನನ್ನ ಕೈಗೆ ಕೊಡುತ್ತಿದ್ದರು. ಹಿಂದೆ ಶೋಭಕ್ಕ ನಿಂತಿದ್ದರು. ಮುಡಿಯಲ್ಲಿ ಹೂವು. ಹೆಗಲ ಮೇಲೆ ಮಡಚಿದ ಕಂಬಳಿ.

"ಇನ್ನೂ ಎಷ್ಟು ವರ್ಷ ಆಡ್ತೀರಿ?" ಮಾನಸಕ್ಕನ ದನಿ.

"ಕತ್ತು ಇರೋವರ್ಗೂ!" ಬಾಲರಾಜಣ್ಣ ಜೋರಾಗಿ ನಕ್ಕರು. ನಗುತ್ತಾ ಹೆಂಡತಿಯ ಕಡೆ ತಿರುಗಿದರು. ಕತ್ತು ತಿರುಗಲಿಲ್ಲ. ಸೊಂಟದಿಂದ ಮೇಲೆ ಇಡೀ ಮೈ ತಿರುಗಿತು.

ಶೋಭಕ್ಕ ನಗಲಿಲ್ಲ.

ಮಾನಸಕ್ಕ ಮುಂದಿನ ವಿಡಿಯೋ ಹಾಕಿದರು. ಬಾಗಿಲಲ್ಲಿ ತಿಪ್ಪಯ್ಯಣ್ಣ ಚೇತನ್‌ಗೆ ಬೈಯುತ್ತಿದ್ದಾರೆ. ಅವರ ಹಿಂದಿನಿಂದ ಶೋಭಕ್ಕ ಹೊರಗೆ ಹೋಗುತ್ತಾರೆ. ಮುಡಿ ಬರಿದಾಗಿತ್ತು. ಕಂಬಳಿ ಹೆಗಲ ಮೇಲೆ ಇರಲಿಲ್ಲ. ಎದೆಗೆ ಅವಚಿಕೊಂಡಿದ್ದರು, ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ.

ಜಯಕ್ಕ ಬಾಯಿಗೆ ಸೆರಗು ಹಿಡಿದರು.

"ಸ್ಟೇಷನ್‌ಗೆ ಹೋಗಾಣ," ಎಂದ ಚೇತನ್.

"ಬ್ಯಾಡ," ಎಂದರು ತಿಪ್ಪಯ್ಯಣ್ಣ. "ಬಾಗೂರಿಗೆ ಹೋಗಾಣ."

* * *

ತಿಪ್ಪಯ್ಯಣ್ಣ, ಮಾನಸಕ್ಕ, ನಾನು ಮೂವರೂ ಹೋದೆವು. ಬಾಲರಾಜಣ್ಣನ ಅಂಗಳದಲ್ಲಿ ತಾಲೀಮು ನಡೆದಿತ್ತು. ಹಾರ್ಮೋನಿಯಂ ಮೇಷ್ಟ್ರು ಮೂರ್ತಪ್ಪ ಚಾಪೆಯ ಮೇಲೆ ಕೂತಿದ್ದರು. ಸುತ್ತ ಏಳೆಂಟು ಜನ ಪಾರ್ಟುದಾರರು. ಗದೆಯ ಬದಲು ಒನಕೆ ಹಿಡಿದಿದ್ದರು.

"ಬರ್ರಿ ಬರ್ರಿ, ಕುಂತ್ಕಳ್ರಿ ತಿಪ್ಪಯ್ಯಣ್ಣ," ಎಂದರು ಬಾಲರಾಜಣ್ಣ. "ಕಿರೀಟ ತಂದ್ರಾ? ನಾಳೆ ಟೆಂಪೋ ಕಳಿಸ್ತಿದ್ವಲ್ಲ."

ತಿಪ್ಪಯ್ಯಣ್ಣ ನನ್ನ ಕಡೆ ನೋಡಿದರು. ಹೇಳು ಎಂಬ ಹಾಗೆ.

ಅಷ್ಟು ಗಂಡಸರು. ಮಾನಸಕ್ಕ ಮೆಲ್ಲಗೆ ನನ್ನ ಕೈ ಹಿಡಿದರು. ಒಳಬಾಗಿಲಲ್ಲಿ ಶೋಭಕ್ಕ ಬಂದು ನಿಂತರು. ನಾನು ಅವರ ಪಾದ ನೋಡುತ್ತಾ ಹೂವನ್ನು ಮುಂದೆ ಚಾಚಿದೆ.

"ಅಕ್ಕ, ಇದು ನಿಮ್ಮದು. ಉಣ್ಣೇಲಿ ಕಟ್ಟಿದ್ದೀರಿ. ಪೆಟ್ಟಿಗೆ ಬರಿದಾಗಿ ಬಿಡಬಾರ್ದು ಅಂತ ಮುಡಿಯಿಂದ ತೆಗೆದು ಇಟ್ರಿ. ಕಿರೀಟಾನ ಕಂಬಳೀಲಿ ಸುತ್ಕಂಡು ತಂದ್ರಿ. ಇವರಿಗೆ ಕತ್ತು ತಿರುಗಲ್ಲ, ಅದಕ್ಕೆ."

ಹಾರ್ಮೋನಿಯಂ ನಿಂತಿತು.

ಶೋಭಕ್ಕ ಅಲ್ಲ ಎನ್ನಲಿಲ್ಲ. ಒಳಗೆ ಹೋದರು. ರಾಗಿ ಡ್ರಮ್ಮಿನ ಹಿಂದಿನಿಂದ ಕಂಬಳಿ ಗಂಟು ತಂದು ತಿಪ್ಪಯ್ಯಣ್ಣನ ಮುಂದೆ ಇಟ್ಟು ಬಿಚ್ಚಿದರು. ಒಂದು ಗಾಜೂ ಅಲುಗಿರಲಿಲ್ಲ.

"ಏನೇ ಇದು?" ಎಂದರು ಬಾಲರಾಜಣ್ಣ. "ಇಷ್ಟು ಜನದೆದುರಿಗೆ ನನ್ನ ಕಳ್ಳನ ಗಂಡ ಮಾಡ್ಬಿಟ್ಯಲ್ಲೇ!"

"ಕಳ್ಳಿ ಗಂಡ ಅನ್ರಿ," ಎಂದರು ಶೋಭಕ್ಕ. "ಕದ್ದೋಳು ನಾನು."

ಯಾರೋ ನಗಲು ಹೋಗಿ ತಡೆದುಕೊಂಡರು.

"ದುರ್ಗದ ಡಾಕ್ಟ್ರು ಏನಂದ್ರು ಹೇಳ್ರಿ ಇವರಿಗೆ. ಹೇಳಲ್ವಲ್ಲ? ನಾನೇ ಹೇಳ್ತೀನಿ. ಕತ್ತಿನ ಮೂಳೆ ಸವೆದೈತೆ. ತಲೆ ಮೇಲೆ ಭಾರ ಇಟ್ರೆ, ಕುಣಿದು ಜರ್ಕು ಹೊಡೆದ್ರೆ, ಕೈ ಎರಡೂ ಸ್ವಾಧೀನ ತಪ್ತವೆ ಅಂದ್ರು. ಯಾರಿಗೂ ಹೇಳಬ್ಯಾಡ ಅಂತ ಅವರ ತಲೆ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸ್ಕಂಡ್ರು. ನಾನು ಹೇಳ್ಲಿಲ್ಲ. ಕದ್ದೆ."

"ಚೇತನ್ ಹತ್ರ ಹಗುರದ್ದು ಐತಂತೆ," ಎಂದರು ಮೂರ್ತಪ್ಪ ಮೇಷ್ಟ್ರು.

"ಹಗುರದ್ದಾದ್ರೆ ಕುಣಿಯೋದು ಬಿಡ್ತಾರಾ ಮೇಷ್ಟ್ರೇ? ಯುದ್ಧದ ಸೀನಾಗೆ ಇವರನ್ನ ನೀವೇ ನೋಡಿಲ್ವಾ?"

ಮೇಷ್ಟ್ರು ಹಾರ್ಮೋನಿಯಂ ಮುಚ್ಚಿದರು.

"ಕಿರೀಟ ಇಲ್ಲ ಅಂದ್ರೆ ಇವರು ಸ್ಟೇಜು ಹತ್ತಲ್ಲ ಅಂತ ಗೊತ್ತಿತ್ತು," ಎಂದರು ಶೋಭಕ್ಕ. "ನಾಟಕ ಆದಮೇಲೆ ನಾನೇ ತಂದುಕೊಡ್ತಿದ್ದೆ ತಿಪ್ಪಯ್ಯಣ್ಣ. ಪೆಟ್ಟಿಗೆ ಬರಿದು ಮಾಡಿ ಬರೋಕೆ ಮಾತ್ರ ಕೈ ಬರ್ಲಿಲ್ಲ."

ತಿಪ್ಪಯ್ಯಣ್ಣ ಕಿರೀಟದ ಅಂಚನ್ನು ಹೆಬ್ಬೆರಳಿನಿಂದ ಸವರಿದರು. "ಇಷ್ಟು ಭಾರ ಮಾಡಬಾರ್ದಿತ್ತು ನಾನು," ಎಂದರು.

ಮಾನಸಕ್ಕ ಶೋಭಕ್ಕನ ಪಕ್ಕ ಹೋಗಿ ನಿಂತರು. "ಅಕ್ಕ, ತಾಲೀಮು ನಡೆಯೋವಾಗ ಕುರಿ ಯಾರು ನೋಡ್ಕೊಳ್ತಾರೆ?"

"ಇನ್ಯಾರು? ನಾನೇ. ಇವರೆಲ್ಲರ ಮನೇಲೂ ಹಂಗೇ."

"ನನ್ನ ಚಿತ್ರದಲ್ಲಿ ನಿಮ್ಮನ್ನ ಹಾಕೇ ಇರ್ಲಿಲ್ಲ," ಎಂದರು ಮಾನಸಕ್ಕ.

ಬಾಲರಾಜಣ್ಣ ನಿಧಾನವಾಗಿ ಜಗಲಿಯ ಮೇಲೆ ಕೂತರು. ಸಿಟ್ಟು ಇಳಿದಿತ್ತು. ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಕತ್ತಿಗೆ ಸುತ್ತಿದ್ದ ಟವಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಕಿರೀಟಕ್ಕೆ ಕೈ ಚಾಚಿದರು. ಶೋಭಕ್ಕ ಬೆಚ್ಚಿದರು.

"ಇಕ್ಕಳಲ್ಲ ಬಿಡೇ," ಎಂದರು. "ಇನ್ನು ಇಕ್ಕಳಲ್ಲ."

ಕಿರೀಟವನ್ನು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬಿಸಿಲು ಬಿದ್ದು ಗಾಜಿನ ಬಣ್ಣವೆಲ್ಲ ಅವರ ಬಿಳಿ ಅಂಗಿಯ ಮೇಲೆ ಹರಡಿತು.

ರಾಜ ಇಲ್ಲದೆ ನಾಳೆ ನಾಟಕ ಇಲ್ಲ. ನಾಟಕ ಇಲ್ಲದಿದ್ದರೆ ನಮ್ಮ ಡ್ರೆಸ್ಸುಗಳ ಟೆಂಪೋ ಬರುವುದಿಲ್ಲ. ಕಿರೀಟ ಸಿಕ್ಕಿತ್ತು. ಆದರೂ ನನ್ನ ಎದೆಯ ಭಾರ ಇಳಿಯಲಿಲ್ಲ.

"ನಮ್ಮೂರ ಸ್ಟೇಜಲ್ಲಿ ನನ್ನ ಬಿಟ್ಟು ಯಾರೂ ಇದನ್ನ ಇಕ್ಕಂಡಿಲ್ಲ," ಎಂದರು ಬಾಲರಾಜಣ್ಣ. "ಕೆಳಗೆ ಕುಂತೋರಿಗೆ ಹೆಂಗೆ ಕಾಣ್ತಿತ್ತೋ, ನಂಗೊಂದೂ ಗೊತ್ತಿಲ್ಲ."

ಎರಡೂ ಕೈಯಲ್ಲಿ ಕಿರೀಟ ಎತ್ತಿ ಅಂಗಳದ ಕಡೆ ಚಾಚಿದರು.

"ಯಾರಾದ್ರೂ ಒಬ್ರು ಇಕ್ಕಳ್ರಪ್ಪ. ನಾನು ನೋಡ್ಬೇಕು."

ಒನಕೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ ಒನಕೆಯನ್ನು ಗೋಡೆಗೆ ಒರಗಿಸಿ, ತಲೆ ಬಾಗಿಸಿಕೊಂಡು ಮುಂದೆ ಬಂದ.