ಕೊಬ್ಬರಿ ಎಣ್ಣೆ ಕುಡಿದ ಗ್ರಾಮಫೋನ್

"ಈ ಮೆಷೀನಿಗೆ ಕೊಬ್ಬರಿ ಎಣ್ಣೆ ಬಿಟ್ಟ ಪುಣ್ಯಾತ್ಮರು ಯಾರ್ರೀ?"

ಕೊಳ್ಳೇಗಾಲದ ತನ್ನ ರಿಪೇರಿ ಅಂಗಡಿಯಲ್ಲಿ ಗ್ರಾಮಫೋನಿನ ಹೊಟ್ಟೆ ಬಿಚ್ಚಿದ ಬಸವಕುಮಾರ್ ಮೂಗು ಮುಚ್ಚಿಕೊಂಡು ಕೇಳಿದ.

ನಾಗಶ್ರೀಗೆ ಮೈ ಉರಿದುಹೋಯಿತು. ಹೊನ್ನೂರಿನಿಂದ ಆ ಭಾರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದವಳಿಗೆ ಒಂದು ಲೋಟ ನೀರು ಕೊಡೋದು ಬಿಟ್ಟು ವಿಚಾರಣೆ ಬೇರೆ...

"ನಮ್ಮಜ್ಜಿ. ಏನೀಗ?"

"ಒಳಗೆಲ್ಲ ಅಂಟಾಗ್ಬುಟ್ಟದೆ. ಸ್ಪೀಡ್ ಹಿಡಿಯೋ ಗವರ್ನರೇ ತಿರುಗ್ತಿಲ್ಲ. ದೀಪಕ್ಕೆ ಬಿಟ್ಟಂಗೆ ಬಿಟ್ಟವ್ರೆ!"

ನಿಜ ಹೇಳಬೇಕೆಂದರೆ, ದೀಪಕ್ಕೆ ಬಿಟ್ಟಂತೆಯೇ ಬಿಟ್ಟಿದ್ದು. ಪ್ರತಿ ಸೋಮವಾರ ಪೂಜೆ ಮುಗಿದ ಮೇಲೆ ತಾತ ಮೆಷೀನಿಗೆ ಎರಡು ಹನಿ ಎಣ್ಣೆ ಬಿಟ್ಟು ಒಂದು ಹಾಡಿನ ಪ್ಲೇಟು ಹಾಕುತ್ತಿದ್ದರು. ತಾತ ತೀರಿಕೊಂಡ ಮೇಲೂ ಅಜ್ಜಿ ಚನ್ನಮಲ್ಲಮ್ಮ ಆ ಕ್ರಮ ತಪ್ಪಿಸಿರಲಿಲ್ಲ. ಎರಡು ತಿಂಗಳ ಹಿಂದೆ ಮೆಷೀನು ನಿಂತಿತು. ಅಂದಿನಿಂದ ಸೋಮವಾರ ಬಂದರೆ ಅಜ್ಜಿ ತುಟಿ ಬಿಚ್ಚುವುದಿಲ್ಲ, ಊಟವನ್ನೂ ಮುಟ್ಟುವುದಿಲ್ಲ.

'ಇದನ್ನೆಲ್ಲ ಈ ಸಿಡುಕುಮೂತಿಗೆ ಯಾಕೆ ಹೇಳಲಿ?' ಎಂದುಕೊಂಡಳು ನಾಗಶ್ರೀ.

"ಗೊತ್ತಿದ್ರೆ ರಿಪೇರಿ ಮಾಡಿ. ಇಲ್ದಿದ್ರೆ ತಕಂಡು ಓಯ್ತೀನಿ."

"ಶುಕ್ರವಾರ ಬನ್ನಿ."

ಶುಕ್ರವಾರ ಬಂದಳು. ಚಕ್ರದ ಹಲ್ಲು ಸವೆದಿದೆ, ಹೊಸದು ಮಾಡಬೇಕು ಎಂದ. ಜಗಳವಾಯಿತು. ಮುಂದಿನ ಶುಕ್ರವಾರ, ಬ್ರೇಕಿನ ಚರ್ಮ ಕಲ್ಲಾಗಿದೆ ಎಂದ. ಇನ್ನೂ ದೊಡ್ಡ ಜಗಳವಾಯಿತು. ಮೂರನೆಯ ಶುಕ್ರವಾರ ಅವಳನ್ನು ಎದುರಿಗೆ ಕೂರಿಸಿಕೊಂಡು, ಹಿತ್ತಾಳೆ ಚಕ್ರದ ಒಂದೇ ಹಲ್ಲನ್ನು ಅರ್ಧ ಗಂಟೆ ಅರದಿಂದ ಉಜ್ಜಿದ.

ಅವಳು ಅವನ ಬೆರಳುಗಳನ್ನೇ ನೋಡುತ್ತಾ ಕೂತಳು. 'ಬಾಯಿ ಕೆಟ್ಟದ್ದು... ಕೈ ಮಾತ್ರ ಒಳ್ಳೇದು.' ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಅಂದೇ ಮೆಷೀನು ಮನೆಗೆ ಬಂತು. ಸೋಮವಾರ ಪೂಜೆ ಮುಗಿಸಿ ಪ್ಲೇಟು ಹಾಕಿದಳು. ಹಾಡು ಶುರುವಾಗುತ್ತಲೇ ಅಜ್ಜಿಯ ಮುಖ ಸಪ್ಪಗಾಯಿತು.

"ಇದು ನಿಮ್ ತಾತಂದಲ್ಲ ಕಣವ್ವ. ಪ್ಲೇಟಲ್ಲಿ ಹಾಡೋ ಆಯಮ್ಮ ಇಷ್ಟು ಅವಸರದಲ್ಲಿ ಹಾಡ್ತಿರ್ನಿಲ್ಲ."

ಅಜ್ಜಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿತು.

ಆಗ ನಾಗಶ್ರೀಗೆ ಅಂಗಡಿಯ ಬೋರ್ಡು ನೆನಪಾಯಿತು. 'ಸವೆದ ಭಾಗಗಳನ್ನು ವಾಪಸ್ ಕೊಡಲಾಗುವುದು.' ತನಗೆ ಏನೂ ಕೊಟ್ಟಿಲ್ಲವಲ್ಲ... ಮರುದಿನ ಬೆಳಿಗ್ಗೆಯೇ ಕೊಳ್ಳೇಗಾಲದಲ್ಲಿದ್ದಳು.

"ಒಳಗಿನ ಸಾಮಾನೆಲ್ಲ ಯಾರಿಗೆ ಮಾರ್ಕಂಡ್ರಿ?"

ಬಸವಕುಮಾರನ ಮುಖ ಬಿಳುಚಿಕೊಂಡಿತು. "ನಾನು ಕಳ್ಳ ಅಂತೀರಾ?"

"ಇನ್ನೇನನ್ಲಿ? ನಮ್ಮ ಹಳೇ ಚಕ್ರ ಎಲ್ಲಿ? ಹಾಡೇ ಬದಲಾಗ್ಬುಟ್ಟದೆ. ನಮ್ಮಜ್ಜಿ ನಿನ್ನೆಯಿಂದ ಎದ್ದಿಲ್ಲ."

ಅವನು ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಷಟರ್ ಎಳೆದ. "ನಡೀರಿ ಹೊನ್ನೂರಿಗೆ."

ಬಸ್ಸಿನಲ್ಲಿ ಅವಳು ಮುಂದೆ, ಅವನು ಹಿಂದೆ.

ಮನೆಯಲ್ಲಿ ಅವನು ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಕೂತ. "ಅಜ್ಜಿ, ಇದಕ್ಕೆ ಯಾವಾಗಿಂದ ಎಣ್ಣೆ ಬಿಡ್ತಿದ್ದೀರಿ?"

"ನಾನು ಮದ್ವೆಯಾಗಿ ಬಂದಾಗಿಂದ ಇವಳ ತಾತ ಎರಡೆರಡು ಹನಿ ಬಿಡೋರು ಕಣಪ್ಪ, ಆಮೇಲೆ ನಾನು."

ಅವನಿಗೆ ಎಲ್ಲ ಅರ್ಥವಾಯಿತು. ಅಂಟಿನಿಂದ ಮೆಷೀನು ವರ್ಷವರ್ಷಕ್ಕೂ ನಿಧಾನವಾಗಿತ್ತು, ಅಜ್ಜಿಯ ಕಿವಿ ಅದಕ್ಕೇ ಒಗ್ಗಿಹೋಗಿತ್ತು. ಅವನು ಕಂಪನಿಯ ವೇಗಕ್ಕೆ ಸರಿ ಮಾಡಿದ್ದ. ಅಜ್ಜಿಗೆ ಬೇಕಿದ್ದದ್ದು ತಾತನ ವೇಗ.

ಪ್ಲೇಟು ಹಾಕಿ, ಸ್ಪೀಡಿನ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಬಂದ. ಹಾಡಿನ ದನಿ ಸ್ವಲ್ಪ ಸ್ವಲ್ಪವೇ ದಪ್ಪಗಾಯಿತು. ಅಜ್ಜಿ ತಟ್ಟನೆ ಎದ್ದು ಅವನ ಮುಂಗೈ ಹಿಡಿದುಕೊಂಡಿತು.

"ಅಲ್ಲೇ ಇರ್ಲಿ ಕಣಪ್ಪ... ಅವ್ರು ಬಂದ್ರು."

ನಾಗಶ್ರೀಗೆ ಅಳು ತಡೆಯಲಾಗಲಿಲ್ಲ. ಜಗಲಿಗೆ ಬಂದಳು. ಹಿಂದೆಯೇ ಬಂದ ಬಸವಕುಮಾರ್ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಅವಳ ಕೈಗಿಟ್ಟ. ಒಳಗೆ ಹಲ್ಲು ಸವೆದ ಚಕ್ರ, ಕಲ್ಲಾದ ಚರ್ಮದ ಚೂರು.

"ಶುಕ್ರವಾರವೇ ಕೊಡಬೇಕಿತ್ತು."

"ಯಾಕೆ ಕೊಡ್ಲಿಲ್ಲ?"

"ಕೊಟ್ಟಿದ್ರೆ ನೀವು ಮತ್ತೆ ಬರೋಕೆ ಕಾರಣ ಇರ್ತಿರ್ಲಿಲ್ಲ." ತಲೆ ತಗ್ಗಿಸಿದ. "ಚಕ್ರ ಮೊದಲನೇ ಶುಕ್ರವಾರವೇ ರೆಡಿ ಇತ್ತು. ಆಮೇಲೆ ಉಜ್ಜಿದ್ದೆಲ್ಲ ಸುಮ್ನೆ... ನಿಮ್ಮನ್ನ ಕಂಡ್ರೆ ಇಷ್ಟ ಕಣ್ರಿ."

"ನೀವು ಸುಮ್ನೆ ಉಜ್ಜಿದ್ದಕ್ಕೆ ನಮ್ಮಜ್ಜಿ ಎರಡು ಸೋಮವಾರ ಉಪವಾಸ ಬಿದ್ದಿದ್ರು, ಗೊತ್ತಾ?"

ಅವನ ಕಣ್ಣು ತುಂಬಿತು. "ಗೊತ್ತಿರ್ಲಿಲ್ಲ. ನೀವು ಹೇಳ್ಲಿಲ್ಲ."

ಹೌದು, ಅವಳು ಹೇಳಿರಲಿಲ್ಲ. ಬೈಯುವುದರಲ್ಲೇ ಮೂರು ಶುಕ್ರವಾರ ಕಳೆದಿದ್ದಳು. ಪ್ರತಿ ಶುಕ್ರವಾರ ಬೆಳಿಗ್ಗೆ ತಾನು ಎರಡೆರಡು ಸಲ ಕನ್ನಡಿ ನೋಡಿಕೊಂಡಿದ್ದನ್ನೂ ಹೇಳಿರಲಿಲ್ಲ.

ಬೆಂಕಿಪೊಟ್ಟಣವನ್ನು ಮುಚ್ಚಿ ಅವನ ಅಂಗೈಗೆ ವಾಪಸಿಟ್ಟಳು.

"ಇದನ್ನ ಈಗ ಕೊಡಬೇಡಿ."

"ಮತ್ತೆ?"

"ಸೋಮವಾರ ತಕಂಡು ಬನ್ನಿ. ಅವತ್ತೂ ಕೊಡೋದು ಮರೆತು ಹೋಗಿ."

ಅವನು ಅವಳನ್ನೇ ನೋಡಿದ. "ಬರೋವಾಗ ಮೆಷೀನಿಗೆ ಸರಿಯಾದ ಎಣ್ಣೆ ತರ್ತೀನಿ."

"ಬಿಡೋದು ಮಾತ್ರ ಅಜ್ಜಿ ಕೈಯಲ್ಲೇ."

"ಅಜ್ಜಿ ಕೈಯಲ್ಲೇ," ಎಂದ ಬಸವಕುಮಾರ್. "ಎರಡೇ ಹನಿ."