ಎರಡು ಸೀಟು, ಒಂಬತ್ತು ಸ್ಕೂಲು

ಸ್ಕೂಲ್ ಗೇಟಲ್ಲಿ ಫೈಲ್ ಹಿಡ್ಕೊಂಡು, ಹೊಸದಾಗಿ ಬಂದ ಕನ್ನಡದೋರೊಬ್ರಿಗೆ ಕಾಯ್ತಾ ನಿಂತಿದ್ದೆ. ಒಬ್ರು ಇಬ್ಬರು ಮಕ್ಕಳನ್ನ ಎಳ್ಕೊಂಡು ಓಡೋಡಿ ಬಂದ್ರು. ನನ್ನನ್ನ ಅಲ್ಲಿನ ಟೀಚರ್ ಅಂದ್ಕೊಂಡು, ಚೀಟಿ ನೋಡ್ತಾ ಈ ದೇಶದ ಭಾಷೇಲಿ ಏನೋ ಓದೋಕೆ ಶುರು ಮಾಡಿದ್ರು. ಜೊತೆಗೆ ಕೈಸನ್ನೆ ಬೇರೆ. ಪಕ್ಕದಲ್ಲಿ ಸಣ್ಣವನು ಕಾಲು ಒತ್ಕೊಂಡು ಕುಣೀತಿದ್ದ.

"ಟಾಯ್ಲೆಟ್ ಬಲಗಡೆ ಇದೆ ಸರ್," ಅಂದೆ ಕನ್ನಡದಲ್ಲಿ. "ಅಷ್ಟೊಂದು ಕೈ ಬೀಸ್ಬೇಡಿ, ಟ್ರಾಫಿಕ್ ಡ್ಯೂಟಿಗೆ ಹಾಕ್ಬಿಡ್ತಾರೆ."

ಅವರ ಕಿವಿ ಮೊದಲು ಕೆಂಪಾಯ್ತು, ಆಮೇಲೆ ನಗು ಬಂತು. ಆ ಕಿವಿಗೂ ಈ ನಗುವಿಗೂ ಮಧ್ಯದ ಒಂದು ಕ್ಷಣದಲ್ಲೇ ನಾನು ಕೆಟ್ಟೆ.

ನನ್ನ ಕೆಲಸ ಇಷ್ಟೇ. ಒಂದೆರಡು ವರ್ಷಕ್ಕೆ ಅಂತ ಈ ಊರಿಗೆ ಬರೋರ ಮಕ್ಕಳಿಗೆ ಸ್ಕೂಲ್ ಹುಡುಕಿಕೊಡೋದು. ಕೈ ಬೀಸಿದೋರು ಸೇತುವೆ ಇಂಜಿನಿಯರು, ಹದಿನೆಂಟು ತಿಂಗಳ ಕೆಲಸ. ಹೆಂಡತಿ ತೀರಿಕೊಂಡು ಎರಡು ವರ್ಷ. ಪುಟ್ಟಿಗೆ ಐದೂವರೆ, ಗುಂಡನಿಗೆ ನಾಲ್ಕು. ಅಮ್ಮ ಹೋದಾಗಿನಿಂದ ಗುಂಡ ಹೊರಗಿನೋರ ಹತ್ರ ಬಾಯೇ ಬಿಟ್ಟಿಲ್ಲ. ಅಕ್ಕನ ಕಿವೀಲಿ ಉಸುರ್ತಾನೆ, ಅವಳು ಊರಿಗೆಲ್ಲ ಡಂಗುರ ಹೊಡೀತಾಳೆ.

"ಗುಂಡನಿಗೆ ಬಿಸ್ಕತ್ ಬೇಕಂತೆ. ನನಗೂ ಕೊಡ್ಬೇಕು ಅಂತ ಅವನೇ ಹೇಳ್ತಿದ್ದಾನೆ."

ಅದಕ್ಕೇ ಇಂಜಿನಿಯರದ್ದು ಒಂದೇ ಷರತ್ತು: ಇಬ್ಬರಿಗೂ ಒಂದೇ ಸ್ಕೂಲು. ನಾನೂ ಒಂದು ಎಚ್ಚರಿಕೆ ಕೊಟ್ಟೆ: ಬಂದ ಆರು ವಾರದೊಳಗೆ ಅಡ್ಮಿಷನ್ ಪತ್ರ ಕೊಡದಿದ್ರೆ ಮಕ್ಕಳ ವೀಸಾ ಮುಂದುವರಿಯಲ್ಲ.

ಮೊದಲನೇ ಸ್ಕೂಲಲ್ಲೇ ಪವಾಡ ಆಯ್ತು ನೋಡಿ. ಹಿತ್ತಲಲ್ಲಿ ಮರಳಿನ ಗುಂಡಿ, ಅದರಲ್ಲಿ ದಪ್ಪ ಟೀಚರಮ್ಮ ಒಬ್ರು ತಲೆ ಮೇಲೆ ಬಕೆಟ್ ಬೋರಲು ಹಾಕ್ಕೊಂಡು ಕೂತಿದ್ರು. ಗುಂಡ ಸೀದಾ ಹೋಗಿ ಎದುರಿಗೆ ನಿಂತ.

"ಅದು ಟೋಪಿ ಅಲ್ಲ!" ಅಂದ, ಜೋರಾಗಿ.

ಟೀಚರಮ್ಮನಿಗೆ ಒಂದಕ್ಷರಾನೂ ಅರ್ಥ ಆಗ್ಲಿಲ್ಲ. ಆದ್ರೂ ಬಕೆಟ್ ತೆಗೆದು ಅವನ ತಲೆಗಿಟ್ರು. ಅವನು ಕಿಲಕಿಲ ನಕ್ಕ. ಇಂಜಿನಿಯರು ಗೋಡೆ ಕಡೆ ತಿರುಗಿ ಕಣ್ಣು ಒರೆಸ್ಕೊಂಡ್ರು.

"ಎರಡು ಸೀಟೂ ಇದೆ," ಅಂದೆ. "ಶುಕ್ರವಾರದ ತನಕ ಹಿಡಿದಿಡ್ತಾರೆ. ಸೈನ್ ಹಾಕ್ತೀರಾ?"

ಅವರು ಪೆನ್ನು ತಗೊಂಡ್ರು. ಫಾರಂ ನೋಡಿದ್ರು. ನನ್ನ ನೋಡಿದ್ರು. ಮತ್ತೆ ಫಾರಂ.

"ಇದಾದ್ಮೇಲೆ ನಿಮ್ಮ ಕೆಲಸ?"

"ಮುಗೀತು. ಫೈಲ್ ಕ್ಲೋಸ್."

"ಓ." ಪೆನ್ನಿನ ಕ್ಯಾಪ್ ಹಾಕಿದ್ರು. "ಇನ್ನೊಂದೆರಡು ನೋಡೋಣ್ವಾ? ಮಕ್ಕಳ ವಿಷಯ ಅಲ್ವಾ..."

"ನೋಡ್ಲೇಬೇಕು ಸರ್," ಅಂದೆ. ನಾಚಿಕೆ ಬೇಡ್ವಾ ನನಗೆ!

ಎರಡನೇದರಲ್ಲಿ ಮೆಟ್ಟಿಲು ಜಾಸ್ತಿ ಅಂದ್ರು. ಮೂರನೇದರಲ್ಲಿ ಗೋಡೆ ಬಣ್ಣ ಸರಿ ಇಲ್ಲ. ನಾಲ್ಕನೇದರಲ್ಲಿ ಪ್ರಿನ್ಸಿಪಾಲ್ ಮುಖ ಹರಳೆಣ್ಣೆ ಕುಡಿದಂಗಿದೆ. ನಾನು ಪ್ರತಿಯೊಂದನ್ನೂ ಶ್ರದ್ಧೆಯಿಂದ ಬರ್ಕೊಂಡೆ.

ಐದನೇದರಲ್ಲಿ ನರ್ಸರಿ ಕುರ್ಚೀಲಿ ಕೂತ್ರು. ಎದ್ರು. ಕುರ್ಚೀನೂ ಎದ್ದಿತು.

"ರೀ, ತೆಗೀರಿ ಇದನ್ನ!"

"ತಾಳಿ. ಸ್ಕೂಲಿಗೆ ನೀವೇ ಇಷ್ಟ ಆಗಿದ್ದೀರ, ಅಡ್ಮಿಷನ್ ನಿಮಗೇ ಮಾಡ್ಸೋಣ."

ಪುಟ್ಟಿ ಬಿದ್ದು ಬಿದ್ದು ನಗ್ತಿದ್ಲು. ನಾನು ಕುರ್ಚಿ ಎಳೆದೆ, ಅವರು ಬೀಳದ ಹಾಗೆ ನನ್ನ ಭುಜ ಹಿಡ್ಕೊಂಡ್ರು. ಕುರ್ಚಿ ಬಿಟ್ಮೇಲೂ ಆ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ನಾನೂ ಜ್ಞಾಪಿಸ್ಲಿಲ್ಲ.

ವಾಪಸ್ ಬರ್ತಾ ಬಸ್ಸಲ್ಲಿ ಗುಂಡ ನನ್ನ ತೊಡೆ ಮೇಲೆ ನಿದ್ದೆ. ಇಂಜಿನಿಯರು ಕಿಟಕಿ ಗಾಜಲ್ಲಿ ಕಾಣೋ ನನ್ನನ್ನ ನೋಡ್ತಿದ್ರು. ನಾನೂ ಅದೇ ಗಾಜಲ್ಲಿ ಅವರನ್ನ ನೋಡ್ತಿದ್ದೆ. ಇಬ್ಬರೂ ಪಾಪ, ಹೊರಗಡೆ ರಸ್ತೆ ನೋಡೋರ ಥರ.

ಪ್ರತಿ ಶುಕ್ರವಾರ ಮೊದಲನೇ ಸ್ಕೂಲಿಗೆ ಫೋನ್ ಮಾಡಿ "ಇನ್ನೊಂದೇ ವಾರ ಪ್ಲೀಸ್" ಅಂತಿದ್ದೆ. ಎರಡು ಸಲ ಒಪ್ಪಿದ್ರು. ಮೂರನೇ ಸಲ ಫೋನ್ ಎತ್ಲಿಲ್ಲ. ಒಂದು ಮೇಲ್ ಹಾಕಿದೆ. ಉತ್ತರ ಬರ್ಲಿಲ್ಲ. ಒಪ್ಪಿದ್ದಾರೆ ಅಂತ ನಾನೇ ಅಂದ್ಕೊಂಡೆ. ಹೋಗಿ ಕೇಳೋಕೆ ಹತ್ತು ನಿಮಿಷ ಸಾಕಿತ್ತು. ಕೇಳಿದ್ರೆ ಫೈಲ್ ಕ್ಲೋಸ್ ಆಗ್ಬಿಡುತ್ತೆ ಅಂತ ಭಯ.

ಆರನೇ ವಾರದ ಸೋಮವಾರ ಒಂಬತ್ತನೇ ಸ್ಕೂಲ್ ನೋಡಿ ಹೊರಗೆ ಬಂದಾಗ ಅವರೇ ಅಂದ್ರು, "ಆಟ ಸಾಕು ರೀ. ನಡೀರಿ, ಮೊದಲನೇದಕ್ಕೇ ಸೈನ್ ಹಾಕ್ತೀನಿ."

ಹೋದ್ವಿ. ಆಫೀಸಿನಾಕೆ ಕಂಪ್ಯೂಟರ್ ನೋಡಿ ಒಂದು ಬೆರಳು ಎತ್ತಿದ್ರು. ಒಂದೇ ಸೀಟು. ಇನ್ನೊಂದು ಹದಿನೈದು ದಿನದ ಹಿಂದೆನೇ ಹೋಗಿತ್ತು.

ಕಾರಿಡಾರಲ್ಲೇ ನಿಂತು ಉಳಿದ ಎಂಟಕ್ಕೂ ಫೋನ್ ಹಚ್ಚಿದೆ. ಎಲ್ಲೂ ಜೋಡಿ ಸೀಟಿಲ್ಲ. ಅಕ್ಕನ್ನ ಬಿಟ್ಟು ಗುಂಡ ಒಬ್ಬನೇ ಎಲ್ಲೂ ಇರಲ್ಲ. ಗಾಜಿನಾಚೆ ಗುಂಡ ಆಗ್ಲೇ ಮರಳಿನ ಗುಂಡಿಗೆ ಇಳಿದಿದ್ದ. ಅವನನ್ನ ಅಪ್ಪ ಎತ್ಕೊಂಡು ಬರ್ಬೇಕಾಯ್ತು, ಕಾಲು ಝಾಡಿಸ್ತಾ ಅಳೋನನ್ನ.

ಗುರುವಾರ ಮಕ್ಕಳ ಸರ್ಟಿಫಿಕೇಟ್ ವಾಪಸ್ ತಗೊಳ್ಳೋಕೆ ನನ್ನ ಆಫೀಸಿಗೆ ಬಂದ್ರು. ಕೆಲಸ ಬಿಟ್ಟುಕೊಟ್ಟಾಗಿತ್ತು, ವೀಸಾ ಇಲ್ಲದ ಮಕ್ಕಳನ್ನ ಊರಿಗೆ ಕಳಿಸಿ ತಾವೊಬ್ಬರೇ ಇರೋಕೆ ಆಗಲ್ಲ ಅಂತ.

"ತಪ್ಪು ನಂದು," ಅಂದೆ. "ಮೊದಲ ದಿನಾನೇ ಸೈನ್ ಹಾಕಿಸ್ಬೇಕಿತ್ತು. ಹಾಕಿಸಿದ್ರೆ ನೀವು ಮತ್ತೆ ಬರ್ತಿರ್ಲಿಲ್ಲ."

"ಗೋಡೆ ಬಣ್ಣ ಸರಿ ಇಲ್ಲ ಅಂದವನು ಯಾರು? ಯಾವ ಬಣ್ಣ ಇತ್ತು ಅಂತ ಕೇಳಿ, ಗೊತ್ತಿಲ್ಲ. ನಾನು ಗೋಡೆ ನೋಡಿದ್ರೆ ತಾನೆ?" ಆಮೇಲೆ ಮೆತ್ತಗೆ, "ನೀವು ನನಗೆ ತುಂಬಾ ಇಷ್ಟ ರೀ."

ಆರು ವಾರದಿಂದ ಕಾದ ಮಾತು.

"ಹಾಗಾದ್ರೆ ಜೊತೆಗೆ ಬಾ ಅಂತ ಒಂದು ಮಾತು ಕೇಳಿ," ಅಂದೆ. "ಬರ್ತೀನಿ. ಈಗ್ಲೇ ಬರ್ತೀನಿ."

ಅವರು ಸರ್ಟಿಫಿಕೇಟುಗಳನ್ನ ಒಂದೊಂದಾಗಿ ಕವರಿಗೆ ಹಾಕಿದ್ರು.

"ಎರಡು ವರ್ಷ ಆದ್ಮೇಲೆ ನನ್ನ ಮಗ ಬಾಯಿ ಬಿಟ್ಟ ಜಾಗ ಅದು. ನಿಮ್ಮನ್ನ ನೋಡ್ತಾ ಕೂತು ಅದನ್ನ ಕಳ್ಕೊಂಡೆ. ಇನ್ಮೇಲೆ ನಿಮ್ಮ ಮುಖ ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತೆ. ಯಾವ ಬಾಯಲ್ಲಿ ಕೇಳ್ಲಿ, ಹೇಳಿ?"

ನನಗೂ ಕಣ್ಣು ಮುಚ್ಚಿದ್ರೆ ಗುಂಡ ಕಾಲು ಝಾಡಿಸೋದೇ ಕಾಣ್ತಿತ್ತು.

ಶನಿವಾರ ಬೆಳಿಗ್ಗೆ ಟ್ಯಾಕ್ಸಿ ಬಂತು. ಸೂಟ್‌ಕೇಸ್ ಒಳಗೆ ಹೋದ್ವು. ಗುಂಡನ ಕೆನ್ನೆ ಮುಟ್ಟಿದೆ, ಅವನು ಅಕ್ಕನ ಪಕ್ಕಕ್ಕೆ ಸರಿದ. ಇಂಜಿನಿಯರು ನನ್ನ ಕಡೆ ಕೈ ಚಾಚಿದ್ರು, ಅರ್ಧದಲ್ಲೇ ಬಾಗಿಲ ಹಿಡಿಕೆ ಹಿಡ್ಕೊಂಡ್ರು.

ಪುಟ್ಟಿ ಕಿಟಕಿಯಿಂದ ತಲೆ ಹೊರಗೆ ಹಾಕಿದ್ಲು.

"ಸ್ಕೂಲ್ ಆಂಟಿ, ನಾಳೆ ಯಾವ ಸ್ಕೂಲ್ ನೋಡೋದು?"

ಅವರು ಮುಖ ಆ ಕಡೆ ತಿರುಗಿಸಿದ್ರು.

"ನಾಳೆ ರಜಾ, ಪುಟ್ಟಿ," ಅಂದೆ.

"ಹೇ!" ಅಂತ ತಮ್ಮನ ಕಿವೀಲಿ ಹೇಳಿದ್ಲು. ಗಾಡಿ ತಿರುವು ದಾಟೋ ತನಕ ಇಬ್ಬರೂ ಚಪ್ಪಾಳೆ ತಟ್ತಾನೇ ಇದ್ರು.