ಭವ್ಯಾ ಬರೆದ ತಿದ್ದುಪಡಿ

“ಭವ್ಯಾ ಅಂದ್ರೆ ಯಾರು ಇಲ್ಲಿ?”

ಬಾಳೆಗುಳಿಯ ಪಂಪಿನ ಕಂಪನಿಯಲ್ಲಿ ಎಲ್ಲರೂ ತಲೆಯೆತ್ತಿದರು. ಬಾಗಿಲಲ್ಲಿ ಕೆಸರು ಕಾಲಿನ ಯುವಕ, ಕೈಯಲ್ಲಿ ತುಕ್ಕು ಹಿಡಿದ ಪಂಪು.

“ನಾನೇ...” ಎಂದಳು ಭವ್ಯಾ.

“ನಾನು ಶೆಟಗೇರಿ ಸುಜಯ.”

ಅಯ್ಯೋ, ಇವರೇನಾ! ಅವಳು ಕುರ್ಚಿಯಿಂದ ಎದ್ದಳು. ಕಂಪನಿಯ ಬ್ಲಾಗಿನಲ್ಲಿ ರೈತರಿಗೆ ಪಂಪಿನ ಆರೈಕೆ ತಿಳಿಸುವುದು ಅವಳ ಕೆಲಸ. ನಾಲ್ಕು ತಿಂಗಳಿಂದ ಅಲ್ಲಿ ಪ್ರಶ್ನೆ ಕೇಳುತ್ತಿದ್ದವನು ಈ ಸುಜಯ. ಪಂಪಿನಿಂದ ಶುರುವಾದ ಮಾತು ಫೋನಿನಲ್ಲಿ ಊಟ ಆಯಿತಾ ಎನ್ನುವ ಮೆಸೇಜಿನವರೆಗೂ ಬಂದಿತ್ತು. ಬೆಳಿಗ್ಗೆ ಅವನ ಕಮೆಂಟು ಕಾಣದಿದ್ದರೆ ಹುಡುಗಿಗೆ ಚಹಾ ಕೂಡ ರುಚಿಸದು. ಆದರೂ ಇದು ಪ್ರೀತಿಯಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಪಾಪ!

“ಗದ್ದೆ ನೀರಲ್ಲೇ ಪಂಪು ತೊಳೀರಿ ಅಂತ ಬರದ್ದು ನೀವಲ್ವಾ? ನಮ್ದು ಸಮುದ್ರದ ಬದಿ ಗಜನಿ ಗದ್ದೆ. ಮಳೆಗಾಲದಲ್ಲಿ ಸಿಹಿನೀರು, ದೀಪಾವಳಿ ಹೊತ್ತಿಗೆ ಸಮುದ್ರದ ಉಪ್ಪು ಒಳಗೆ ಬರ್ತದೆ. ಪಂಪು ಮಾಡಿದವ್ರಿಗೆ ಗೊತ್ತಿರ್ತದೆ ಅಂತ ಅಪ್ಪ ದಿನಾ ಅದ್ರಲ್ಲೇ ತೊಳದ. ಈಗ ತುಕ್ಕು ಹಿಡ್ದು ಕಚ್ಕಂಡದೆ. ನೀರು ತೆಗೀದೆ ಕೊಯ್ಲು ಹ್ಯಾಂಗೆ ಮಾಡೂದು?”

ಅರ್ಗಾ ಊರಿನ ಭವ್ಯಾ ಅದನ್ನು ಬರೆದದ್ದು ಜೋರು ಮಳೆಗಾಲದಲ್ಲಿ. ಗಜನಿಯ ನೀರು ಹೀಗೆ ಬದಲಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಬ್ಲಾಗಲ್ಲೂ ಇದನ್ನೇ ಕಮೆಂಟು ಹಾಕಿದೆ, ನೋಡಿ. ಬೇರೆಯವ್ರ ಪಂಪಾದ್ರೂ ಉಳೀಲಿ,” ಎಂದು ಅವನು ಹೊರಟುಹೋದ.

ಅವಳು ಉತ್ತರ ಬರೆಯಲು ಕೂತಳು. ಮಾಲೀಕ ನಾಗೇಶ ಬಂದವನೇ ಮೌಸ್ ಕಸಿದುಕೊಂಡು ಆ ಕಮೆಂಟನ್ನು ಅಳಿಸಿದ.

“ತಪ್ಪು ಒಪ್ಕಂಡ್ರೆ ನಾಳೆ ಯಾರು ಬರ್ತಾರೆ? ಬಾಯಿ ಮುಚ್ಚಿ ಕೂತ್ಕ. ಇಲ್ಲಾಂದ್ರೆ ಮನೆಗೆ ಹೋಗು!”

ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಅರ್ಧ ಬರೆದ ಉತ್ತರವನ್ನು ಅಲ್ಲೇ ಬಿಟ್ಟಳು.

ಸಂಜೆ ಸುಜಯನ ಮೆಸೇಜು ಬಂತು. “ಅಳಿಸ್ಬಿಟ್ರಾ? ನಿಮ್ಮನ್ನ ಎಷ್ಟೋ ಒಳ್ಳೆಯವ್ರು ಅಂದ್ಕಂಡಿದ್ದೆ...”

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು, ಆಗಲೂ ಎತ್ತಲಿಲ್ಲ.

‘ಅಳಿಸಿದ್ದು ನಾನಲ್ಲ... ಆದರೆ ಸುಮ್ಮನೆ ಕೂತಿದ್ದು ನಾನೇ ಅಲ್ಲವಾ?’

ಮೂರನೆಯ ದಿನ ಬ್ಲಾಗಿನಲ್ಲಿ ಬರೆದೇಬಿಟ್ಟಳು: “ಗಜನಿಯ ರೈತರೇ, ನನ್ನಿಂದ ತಪ್ಪಾಗಿದೆ. ಪಂಪನ್ನು ಗದ್ದೆಯ ನೀರಿನಲ್ಲಿ ತೊಳೆಯಬೇಡಿ, ಬಾವಿಯ ನೀರಿನಲ್ಲೇ ತೊಳೆಯಿರಿ. ಭವ್ಯಾ.”

ಅರ್ಧ ಗಂಟೆಯಲ್ಲಿ ಆ ಬರಹವೂ ಹೋಯಿತು, ಅವಳ ಕೆಲಸವೂ ಹೋಯಿತು.

ಬಸ್ ಸ್ಟಾಪಿನಲ್ಲಿ ನಿಂತು ಅತ್ತಳು. ಅಷ್ಟರಲ್ಲಿ ಯಾರು ತಾನೇ ಓದಿರುತ್ತಾರೆ?

ಬೈಕೊಂದು ಪಕ್ಕದಲ್ಲೇ ನಿಂತಿತು. ಸುಜಯ!

“ಓದ್ದೆ. ಫೋಟೋ ತೆಗ್ದು ಗಜನಿಯವ್ರಿಗೆಲ್ಲ ಕಳ್ಸಿದೆ. ಆಫೀಸಿಗೆ ಹೋಗಿದ್ದೆ, ನಿಮ್ಮನ್ನ ತೆಗ್ದ್ರು ಅಂದ್ರು...” ಅವನು ಬೈಕಿನಿಂದ ಇಳಿದ. “ನಾನು ಫೋನ್ ಎತ್ಬೇಕಾಗಿತ್ತು.”

“ನಿಮ್ಮ ಪಂಪು?”

“ರಿಪೇರಿ ಆಗೂದಿಲ್ಲಂತೆ. ಅಪ್ಪ ಮೊಣಕಾಲು ನೀರಲ್ಲೇ ಕೊಯ್ತಾ ಇದ್ದ.”

ಅವನ ಪಂಪನ್ನು ಅವಳು ಸರಿಮಾಡಲಾರಳು. ಅವಳ ಕೆಲಸವನ್ನು ಅವನು ಮರಳಿ ಕೊಡಿಸಲಾರ.

“ಬ್ಲಾಗು ನಂದಲ್ಲ ಈಗ,” ಎಂದಳು ಕಣ್ಣೊರೆಸಿಕೊಂಡು. “ಇನ್ನು ಯಾರ ಹತ್ರ ಪ್ರಶ್ನೆ ಕೇಳ್ತೀರಿ?”

“ನಿಮ್ಮ ಹತ್ರನೇ. ಒಂದು ಉಳ್ದದೆ... ಅಪ್ಪನ್ನ ಕರ್ಕಂಡು ಅರ್ಗಾಕ್ಕೆ, ನಿಮ್ಮ ಮನೆಗೆ ಬರ್ಲಾ?”

ಅವಳಿಗೆ ಮತ್ತೆ ಅಳು ಬಂತು.

“ಬನ್ನಿ... ಅದ್ಕಿಂತ ಮೊದ್ಲು ನನ್ನ ನಿಮ್ಮ ಗದ್ದೆಗೆ ಕರ್ಕಂಡು ಹೋಗಿ.”

“ಕೊಯ್ಯೂಕೆ ಬರ್ತದಾ ನಿಮಗೆ?”

“ಬರೂದಿಲ್ಲ. ಈ ಸಲ ನೀವು ಹೇಳ್ಕೊಡಿ.”